ಮಗು ಬೇಕಿದ್ದರೆ ಟೆಸ್ಟೋಸ್ಟೆರಾನ್ ಇಂಜೆಕ್ಷನ್‌ಗೆ ಮುಂಚೆ ಇದನ್ನು ಓದಿ

ಮೊದಲೇ ಹೇಳಿಬಿಡುತ್ತೇನೆ. ಹೊರಗಿನಿಂದ ಟೆಸ್ಟೋಸ್ಟೆರಾನ್ ತಗೊಂಡರೆ ಗಂಡಸಿನಲ್ಲಿ ವೀರ್ಯಾಣು ಆಗುವುದು ಕಡಿಮೆಯಾಗುತ್ತದೆ. ಎಷ್ಟೋ ಜನರಲ್ಲಿ ಪೂರ್ತಿ ನಿಂತೇ ಹೋಗುತ್ತದೆ. ಇಂಜೆಕ್ಷನ್ ಆಗಲಿ, ಮೈಗೆ ಹಚ್ಚುವ ಜೆಲ್ ಆಗಲಿ, ಎರಡಕ್ಕೂ ಇದೇ ಮಾತು. ಗಂಡಸರ ಹಾರ್ಮೋನ್ ಅಂತ ಎಲ್ಲರೂ ಕರೆಯುವ ಔಷಧಿಯೇ ಮಗು ಆಗದ ಹಾಗೆ ಮಾಡುತ್ತದೆ ಅಂದರೆ ಕೇಳಿದವರು ನಂಬುವುದಿಲ್ಲ. ನನ್ನ ಹೆಂಡತಿ, ನಮ್ಮ ಅವ್ವ, ನನ್ನ ಗೆಳೆಯರು, ಯಾರೂ ನಂಬಲಿಲ್ಲ. ನನಗೂ ರಿಪೋರ್ಟ್ ಕೈಗೆ ಬಂದ ಮೇಲೆಯೇ ಗೊತ್ತಾಗಿದ್ದು.

ನಾನು ದಾವಣಗೆರೆಯವನು. ಎಪಿಎಂಸಿ ಯಾರ್ಡ್‌ನಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ನಮ್ಮ ಕಡೆ ಗಂಡಸರು ಇಂಥ ವಿಷಯ ಬಾಯಿ ಬಿಟ್ಟು ಹೇಳುವುದಿಲ್ಲ. ಬಿಪಿ, ಶುಗರ್, ಮೂಲವ್ಯಾಧಿ ಎಲ್ಲವನ್ನೂ ಚಹಾದಂಗಡಿ ಮುಂದೆ ನಿಂತು ಮಾತಾಡುತ್ತೇವೆ, ಇದೊಂದನ್ನು ಬಿಟ್ಟು. ಅದಕ್ಕೇ ಬರೆಯುತ್ತಿದ್ದೇನೆ.

ಮದುವೆಯಾಗಿ ಒಂದು ವರ್ಷ ದಾಟಿತ್ತು. ನನಗಾಗ 32. ಸೀಸನ್ನಿನಲ್ಲಿ ರಾತ್ರಿ ಹತ್ತರವರೆಗೆ ಲಾರಿ ಲೋಡಿಂಗ್ ಇರುತ್ತದೆ, ಸುಸ್ತಾಗುವುದು ಸಹಜ. ಆದರೆ ಆ ವರ್ಷದ ಸುಸ್ತು ಬೇರೆ ಥರ ಇತ್ತು. ಭಾನುವಾರ ಇಡೀ ದಿನ ಮಲಗಿದರೂ ಮೈ ಎದ್ದು ನಿಲ್ಲುತ್ತಿರಲಿಲ್ಲ. ಗಡ್ಡ ದಿನಾ ತೆಗೆಯುತ್ತಿದ್ದವನು ಮೂರು ದಿನಕ್ಕೊಮ್ಮೆ ತೆಗೆದರೂ ಸಾಕಾಗುತ್ತಿತ್ತು. ಬೆಳಗ್ಗೆ ಏಳುವಾಗ ಗಂಡಸರಿಗೆ ಆಗುವ ಉದ್ರೇಕ ನಿಂತೇ ಹೋಗಿತ್ತು. ಹೆಂಡತಿ ಹತ್ತಿರ ಹೋಗುವ ಮನಸ್ಸೇ ಬರುತ್ತಿರಲಿಲ್ಲ, ಅವಳ ಮೇಲೆ ಪ್ರೀತಿ ಇಲ್ಲದೆ ಅಲ್ಲ, ಮೈಯೊಳಗಿಂದಲೇ ಏನೂ ಏಳುತ್ತಿರಲಿಲ್ಲ. ತೂಕ 96 ಕೆಜಿಗೆ ಬಂದಿತ್ತು.

ಪರಿಚಯದವರು ಹೇಳಿದ ಒಬ್ಬ ಡಾಕ್ಟರ ಹತ್ತಿರ ಹೋದೆ. ಥೈರಾಯ್ಡ್, ಶುಗರ್ ನೋಡಿದರು, ಸರಿ ಇತ್ತು. ಟೆಸ್ಟೋಸ್ಟೆರಾನ್ ಬರೆದುಕೊಟ್ಟರು. ಒಂದು ಡೆಸಿಲೀಟರ್ ರಕ್ತಕ್ಕೆ 182 ನ್ಯಾನೋಗ್ರಾಂ ಬಂತು. ಸಾಮಾನ್ಯವಾಗಿ 300ರಿಂದ 1000ದ ಒಳಗೆ ಇರಬೇಕು. "ನಿಮ್ಮ ವಯಸ್ಸಿಗೆ ಇದು ತುಂಬಾ ಕಡಿಮೆ ಆಯ್ತು, ಇಂಜೆಕ್ಷನ್ ಶುರು ಮಾಡೋಣ" ಅಂದರು. ಅವತ್ತೇ ಸೊಂಟಕ್ಕೆ 250 ಮಿಲಿಗ್ರಾಂ ಬಿತ್ತು. ಮೂರು ವಾರಕ್ಕೊಂದು ಅಂತ ಚೀಟಿ ಬರೆದರು.

ಆ ಚೀಟಿಯ ಮೇಲೆ ನನ್ನ ಹೆಸರಿನ ಪಕ್ಕ ವಯಸ್ಸು ಇತ್ತು, ತೂಕ ಇತ್ತು, ಮದುವೆಯಾಗಿದೆ ಅಂತಲೂ ಇತ್ತು. ಮಕ್ಕಳು ಇದ್ದಾರಾ, ಬೇಕಾ ಅನ್ನುವ ಒಂದು ಪ್ರಶ್ನೆ ಮಾತ್ರ ಯಾರೂ ಕೇಳಲಿಲ್ಲ. ಡಾಕ್ಟರೂ ಕೇಳಲಿಲ್ಲ, ತಿಂಗಳುಗಟ್ಟಲೆ ಇಂಜೆಕ್ಷನ್ ಹಾಕಿದ ನರ್ಸೂ ಕೇಳಲಿಲ್ಲ, ಬಾಕ್ಸ್ ಕೊಡುತ್ತಿದ್ದ ಮೆಡಿಕಲ್ ಶಾಪಿನವರೂ ಕೇಳಲಿಲ್ಲ. ನನಗೆ ಇವತ್ತಿಗೂ ಸಿಟ್ಟಿರುವುದು ಇದೊಂದಕ್ಕೇ.

ಟೆಸ್ಟೋಸ್ಟೆರಾನ್ ಬೆಳಗ್ಗೆ ಜಾಸ್ತಿ ಇರುತ್ತದೆ, ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತದೆ. ಹಾಗಾಗಿ ಬೆಳಗ್ಗೆ ಹತ್ತರೊಳಗೆ, ಎರಡು ಬೇರೆ ಬೇರೆ ದಿನ ರಕ್ತ ಕೊಟ್ಟು, ಎರಡರಲ್ಲೂ ಕಡಿಮೆ ಬಂದರೆ ಮಾತ್ರ ಕಡಿಮೆ ಅಂತ ಲೆಕ್ಕ. ನನ್ನದನ್ನು ಒಂದೇ ಸಲ, ಊಟದ ನಂತರ ತೆಗೆದಿದ್ದರು. ಅದರ ಜೊತೆಗೆ ಎಲ್‌ಎಚ್, ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್ ಅನ್ನುವ, ತಲೆಯೊಳಗಿನ ಗ್ರಂಥಿಯಿಂದ ಬರುವ ಇನ್ನೂ ಮೂರು ಹಾರ್ಮೋನ್‌ಗಳ ಪರೀಕ್ಷೆ ಮಾಡಿಸಬೇಕಿತ್ತು. ಅವನ್ನು ಮಾಡಿದರೆ ತಾನೇ ಕಾರಣ ಎಲ್ಲಿದೆ, ವೃಷಣದಲ್ಲೋ ತಲೆಯಲ್ಲೋ ಅಂತ ಗೊತ್ತಾಗುವುದು! ಇದೆಲ್ಲ ಎರಡು ವರ್ಷ ಆದ ಮೇಲೆ ಇನ್ನೊಬ್ಬ ಡಾಕ್ಟರು ಹೇಳಿದ್ದು.

ಇಂಜೆಕ್ಷನ್ ಕೆಲಸ ಮಾಡಿತು, ಅದನ್ನು ಮುಚ್ಚಿಡುವುದಿಲ್ಲ. ಒಂದೆರಡು ತಿಂಗಳಲ್ಲಿ ಮೈಗೆ ಬಲ ಬಂತು. ಮನಸ್ಸು ಹಗುರಾಯಿತು. ದಾಂಪತ್ಯ ಸರಿಹೋಯಿತು. ಮೂರನೇ ವಾರದ ಕೊನೆಗೆ ಸ್ವಲ್ಪ ಇಳಿದಂತೆ ಅನಿಸುತ್ತಿತ್ತು, ಮತ್ತೆ ಇಂಜೆಕ್ಷನ್ ಬಿದ್ದರೆ ಸರಿ. ಹೊರಗಿನಿಂದ ನೋಡಿದವರಿಗೆ ನಾನು ಮೊದಲಿಗಿಂತ ಗಟ್ಟಿಮುಟ್ಟಾಗಿ ಕಾಣುತ್ತಿದ್ದೆ. ಇದರ ಫಲ ಏನಾಯಿತು ಅಂದರೆ, ಮಗು ಆಗದಿರುವುದಕ್ಕೆ ನನ್ನ ಕಡೆ ಯಾರೂ ತಿರುಗಿಯೂ ನೋಡಲಿಲ್ಲ.

ಎಲ್ಲರೂ ನೋಡಿದ್ದು ನನ್ನ ಹೆಂಡತಿಯನ್ನು. ತಿಂಗಳ ಹನ್ನೆರಡನೇ ದಿನದಿಂದ ದಿನ ಬಿಟ್ಟು ದಿನ ಸ್ಕ್ಯಾನ್. ಮೊಟ್ಟೆ ಬೆಳೆಯಲಿ ಅಂತ ಮಾತ್ರೆ. ಗರ್ಭನಾಳ ತೆರೆದಿದೆಯಾ ನೋಡಲು ಬಣ್ಣದ ದ್ರವ ಬಿಟ್ಟು ಎಕ್ಸ್‌ರೇ ತೆಗೆಯುತ್ತಾರಲ್ಲ, ಅದನ್ನೂ ಮಾಡಿಸಿದರು. ಆ ದಿನ ಅವಳು ಆಟೋದಲ್ಲಿ ಮುಂದಕ್ಕೆ ಬಾಗಿ ಹೊಟ್ಟೆ ಹಿಡಿದುಕೊಂಡೇ ಮನೆಗೆ ಬಂದಳು, ಪಿಬಿ ರೋಡಿನ ಪ್ರತಿ ಹಂಪ್‌ಗೂ ನನ್ನ ಕೈ ಗಟ್ಟಿಯಾಗಿ ಹಿಡಿಯುತ್ತಿದ್ದಳು. ಎಲ್ಲ ರಿಪೋರ್ಟೂ ಚೆನ್ನಾಗೇ ಇತ್ತು. ಅವ್ವ ಅವಳನ್ನು ಉಕ್ಕಡಗಾತ್ರಿ ಅಜ್ಜಯ್ಯನ ಗುಡಿಗೆ ಕರೆದುಕೊಂಡು ಹೋದರು, ಹರಕೆ ಕಟ್ಟಿಸಿದರು. ನೆಂಟರ ಮನೆಯ ಸೀಮಂತಕ್ಕೆ ಹೋದರೆ ಉಡಿ ತುಂಬುವಾಗ ಅವಳನ್ನು ಹಿಂದೆ ನಿಲ್ಲಿಸಿದ್ದರು. ಅವಳು ಒಂದು ಮಾತೂ ಆಡಲಿಲ್ಲ, ಆಮೇಲೆ ಸೀಮಂತಗಳಿಗೆ ಹೋಗುವುದನ್ನೇ ಬಿಟ್ಟಳು.

ಕೊನೆಗೆ ಬೇರೆ ಒಬ್ಬ ಲೇಡಿ ಡಾಕ್ಟರ ಹತ್ತಿರ ಹೋದೆವು. ಅವರು ಫೈಲ್ ಪೂರ್ತಿ ತಿರುವಿ ಹಾಕಿ, "ಇದರಲ್ಲಿ ಯಜಮಾನರ ರಿಪೋರ್ಟ್ ಎಲ್ಲಮ್ಮ?" ಅಂದರು. ಇರಲಿಲ್ಲ. "ಮೊದಲು ಅವರದ್ದು ಮಾಡಿಸಿ, ಆಮೇಲೆ ನಿನ್ನನ್ನು ಮುಟ್ಟುತ್ತೇನೆ" ಅಂದರು. ಆ ಮಾತಿಗೆ ಹೆಂಡತಿಯ ಕಣ್ಣಲ್ಲಿ ನೀರು ಬಂತು.

ವೀರ್ಯ ಪರೀಕ್ಷೆ ಅಂದರೆ ಏನೂ ಇಲ್ಲ. ಎರಡರಿಂದ ಏಳು ದಿನ ಸಂಪರ್ಕ ಇರಬಾರದು. ಲ್ಯಾಬ್‌ನಲ್ಲಿ ಒಂದು ಅಗಲ ಬಾಯಿಯ ಡಬ್ಬಿ ಕೊಡುತ್ತಾರೆ, ಒಂದು ರೂಮು ತೋರಿಸುತ್ತಾರೆ. ಸೂಜಿ ಇಲ್ಲ, ನೋವಿಲ್ಲ, ಖರ್ಚು ಕೆಲವು ನೂರು ರೂಪಾಯಿ. ಹೆಂಗಸಿಗೆ ಮಾಡುವ ಯಾವ ಪರೀಕ್ಷೆಗೂ ಇದನ್ನು ಹೋಲಿಸುವ ಹಾಗೇ ಇಲ್ಲ. ಮಗು ಆಗದ ಜೋಡಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕಡೆ ಗಂಡಿನಲ್ಲೂ ಏನಾದರೊಂದು ಕಾರಣ ಇರುತ್ತದೆ. ಹಾಗಿದ್ದ ಮೇಲೆ ಇದನ್ನೇ ಮೊದಲು ಮಾಡಬೇಕು, ಅಲ್ವಾ? ನಮ್ಮ ಕಡೆ ಇದು ಯಾವಾಗಲೂ ಕೊನೆಗೆ ಬರುತ್ತದೆ.

ರಿಪೋರ್ಟಿನಲ್ಲಿ ಕೌಂಟ್ ಅನ್ನುವ ಸಾಲಿನ ಮುಂದೆ ಸೊನ್ನೆ ಇತ್ತು. ಕೆಳಗಿನ ಚಲನೆ, ಆಕಾರ ಎಲ್ಲದರ ಮುಂದೆ ಅಡ್ಡಗೆರೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಲೆಕ್ಕದಲ್ಲಿ ಒಂದು ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು ಇದ್ದರೆ ಅದು ಕೆಳಗಿನ ಗಡಿ. ನನ್ನಲ್ಲಿ ಒಂದೂ ಇರಲಿಲ್ಲ. ಸ್ವಲ್ಪ ದಿನ ಬಿಟ್ಟು ಮತ್ತೆ ಮಾಡಿಸಿದರು. ಈ ಸಲ ಮಾದರಿಯನ್ನು ಯಂತ್ರದಲ್ಲಿ ಜೋರಾಗಿ ತಿರುಗಿಸಿ, ತಳದಲ್ಲಿ ಕೂತದ್ದನ್ನೂ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಆಗಲೂ ಸೊನ್ನೆ. ಲೇಡಿ ಡಾಕ್ಟರು ಒಂದೇ ಪ್ರಶ್ನೆ ಕೇಳಿದರು: "ಯಾವುದಾದರೂ ಹಾರ್ಮೋನ್ ಇಂಜೆಕ್ಷನ್ ತಗೋತಿದ್ದೀರಾ?"

ಅವರು ಹಾರ್ಮೋನ್ ಡಾಕ್ಟರ ಹತ್ತಿರ ಕಳಿಸಿದರು. ಅವರ ಟೇಬಲ್ ಡ್ರಾಯರಿನಲ್ಲಿ ಒಂದು ಮಣಿಸರ ಇತ್ತು. ಒಂದು ದಾರಕ್ಕೆ ಪೋಣಿಸಿದ, ಸಣ್ಣದರಿಂದ ದೊಡ್ಡದಕ್ಕೆ ಹೋಗುವ ಮೊಟ್ಟೆಯಾಕಾರದ ಹನ್ನೆರಡು ಮಣಿ, ಪ್ರತಿಯೊಂದರ ಮೇಲೂ ನಂಬರ್, 1ರಿಂದ 25ರವರೆಗೆ. ಒಂದು ಕೈಯಲ್ಲಿ ವೃಷಣ ಮುಟ್ಟಿ, ಇನ್ನೊಂದು ಕೈಯಲ್ಲಿ ಮಣಿ ಮುಟ್ಟಿ ಗಾತ್ರ ಹೊಂದಿಸುತ್ತಾರೆ. ವಯಸ್ಸಿಗೆ ಬಂದ ಗಂಡಸರಿಗೆ ಸಾಮಾನ್ಯವಾಗಿ 15 ಮಿಲಿಲೀಟರ್ ಅಥವಾ ಅದಕ್ಕೂ ಜಾಸ್ತಿ ಇರುತ್ತದೆ. ನನ್ನದು 10ರ ಮಣಿಗೆ ನಿಂತಿತು. "ಸಣ್ಣದಾಗಿದೆ ಅಂತ ನಿಮಗೂ ಅನಿಸಿರಬೇಕಲ್ಲ?" ಅಂದರು. ಅನಿಸಿತ್ತು. ವೃಷಣದ ಗಾತ್ರದಲ್ಲಿ ಬಹುಪಾಲು ವೀರ್ಯಾಣು ತಯಾರಾಗುವ ನಾಳಗಳೇ ಇರುತ್ತವಂತೆ, ಕೆಲಸ ನಿಂತರೆ ಅವು ಕುಗ್ಗುತ್ತವೆ.

ರಕ್ತದಲ್ಲಿ ಎಲ್‌ಎಚ್, ಎಫ್‌ಎಸ್‌ಎಚ್ ಎರಡೂ ಮಿಷನ್ನಿಗೆ ಸಿಗದಷ್ಟು ಕಡಿಮೆ ಇತ್ತು. ಆಗ ಅವರು ಪೇಪರಿನ ಮೇಲೆ ಚಿತ್ರ ಬರೆದು ಹೇಳಿದರು. ಮಿದುಳಿನ ಕೆಳಗೆ ಪಿಟ್ಯುಟರಿ ಅಂತ ಕಡಲೆಕಾಳಿನಷ್ಟು ಗ್ರಂಥಿ ಇದೆ. ಅದು ವೃಷಣಕ್ಕೆ ಎರಡು ಹಾರ್ಮೋನ್ ಕಳಿಸುತ್ತದೆ. ಎಲ್‌ಎಚ್ ಬಂದರೆ ವೃಷಣ ಟೆಸ್ಟೋಸ್ಟೆರಾನ್ ಮಾಡುತ್ತದೆ. ಎಫ್‌ಎಸ್‌ಎಚ್ ಬಂದರೆ ವೀರ್ಯಾಣುವನ್ನು ಬೆಳೆಸುವ ಜೀವಕೋಶಗಳು ಕೆಲಸ ಮಾಡುತ್ತವೆ. ರಕ್ತದಲ್ಲಿ ಟೆಸ್ಟೋಸ್ಟೆರಾನ್ ಸಾಕಷ್ಟಾಯಿತು ಅಂತ ಮಿದುಳಿಗೆ ಗೊತ್ತಾದರೆ ಎರಡನ್ನೂ ನಿಲ್ಲಿಸುತ್ತದೆ. ಮನೆ ಮೇಲಿನ ಟ್ಯಾಂಕಿಗೆ ಟ್ಯಾಂಕರ್ ನೀರು ತುಂಬಿಸಿದರೆ ಆಟೋ ಸ್ವಿಚ್ ಇರುವ ಬೋರ್ ಮೋಟಾರ್ ಆಫ್ ಆಗುತ್ತದಲ್ಲ, ಹಾಗೆ. ಇಂಜೆಕ್ಷನ್ನಿನಿಂದ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಚೆನ್ನಾಗೇ ಇತ್ತು, ಆದರೆ ವೃಷಣದ ಒಳಗೆ ಬರಿದು. ವೀರ್ಯಾಣು ಆಗಬೇಕಾದರೆ ವೃಷಣದ ಒಳಗೆ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಟೆಸ್ಟೋಸ್ಟೆರಾನ್ ಬೇಕು. ಅಷ್ಟನ್ನು ಹೊರಗಿನ ಯಾವ ಇಂಜೆಕ್ಷನ್ನೂ ತುಂಬಿಸಲಾರದು, ಅಲ್ಲೇ ತಯಾರಾಗಬೇಕು.

ಇದು ಹೊಸ ವಿಷಯವೂ ಅಲ್ಲ. ಗಂಡಸರಿಗೆ ಗರ್ಭನಿರೋಧಕವಾಗಿ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಬಳಸಬಹುದಾ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹಲವು ದೇಶಗಳಲ್ಲಿ ಪರೀಕ್ಷೆ ಮಾಡಿ 1990ರಲ್ಲಿ ಫಲಿತಾಂಶ ಪ್ರಕಟಿಸಿತ್ತು. ಆರೋಗ್ಯವಾಗಿದ್ದ ಗಂಡಸರಿಗೆ ವಾರಕ್ಕೆ 200 ಮಿಲಿಗ್ರಾಂ ಕೊಟ್ಟಾಗ ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಆರು ತಿಂಗಳೊಳಗೆ ಕೌಂಟ್ ಸೊನ್ನೆಗೆ ಬಂದಿತ್ತು. ನಾನು ಹುಟ್ಟಿದ್ದೇ ಅದರ ಆಸುಪಾಸಿನಲ್ಲಿ. ಅಷ್ಟು ಹಳೆಯ ವಿಷಯ ಒಂದು ಚೀಟಿ ಬರೆಯುವಾಗ ನೆನಪಿಗೆ ಬರಬಾರದಿತ್ತಾ?

ಸಮಾಧಾನದ ಮಾತೂ ಹೇಳಿದರು. ಮುಂಚೆ ಎಲ್ಲ ಸರಿ ಇದ್ದವರು ನಿಲ್ಲಿಸಿದರೆ ಬಹುತೇಕರಿಗೆ ವಾಪಸ್ ಬರುತ್ತದೆ. ಗರ್ಭನಿರೋಧಕ ಪರೀಕ್ಷೆಗಳಲ್ಲಿ ಭಾಗವಹಿಸಿದವರ ಲೆಕ್ಕ ಒಟ್ಟು ಸೇರಿಸಿ 2006ರಲ್ಲಿ ನೋಡಿದಾಗ, ಮೂರರಲ್ಲಿ ಎರಡು ಪಾಲು ಜನ ಆರು ತಿಂಗಳಲ್ಲಿ, ಹತ್ತರಲ್ಲಿ ಒಂಬತ್ತು ಜನ ಒಂದು ವರ್ಷದಲ್ಲಿ ಚೇತರಿಸಿಕೊಂಡಿದ್ದರು. "ಆದರೆ ನಿಮಗೆ ಮುಂಚೆ ಎಷ್ಟಿತ್ತು ಅಂತ ನನಗೆ ಗೊತ್ತಿಲ್ಲ, ಯಾರೂ ನೋಡಿಲ್ಲ. ಅದಕ್ಕೆ ಮಾತು ಕೊಡೋಕಾಗಲ್ಲ" ಅಂದರು. ಹಾಗೆ ನೇರವಾಗಿ ಹೇಳಿದ್ದಕ್ಕೇ ಅವರ ಮೇಲೆ ನಂಬಿಕೆ ಬಂತು.

ಆ ರಾತ್ರಿ ಅವ್ವನಿಗೆ ಹೇಳಿದೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. "ಅವ್ವಾ, ತೊಂದರೆ ಅವಳಲ್ಲಿ ಇಲ್ಲ. ನನ್ನಲ್ಲಿ ಇದೆ" ಅಂದೆ. ಅವ್ವ ಕೈ ನಿಲ್ಲಿಸಲಿಲ್ಲ. ಆ ರೊಟ್ಟಿ ಹಂಚಿಗೆ ಹಾಕಿ, ನೀರು ಸವರಿ, ತಿರುವಿ ಹಾಕಿದ ಮೇಲೆ, "ಔಷಧಿ ಐತೇನು ಅದಕ್ಕೆ?" ಅಂದರು. ಐತೆ ಅಂದೆ. "ಹಂಗಾರ ತಗೋ ಮತ್ತೆ" ಅಂದರು. ಮರುದಿನದಿಂದ ಯಾರೇ ಬಂದು ಕೇಳಿದರೂ "ನಮ್ಮ ಹುಡುಗಂದು ಟ್ರೀಟ್‌ಮೆಂಟ್ ನಡದೈತಿ" ಅಂತ ಅವರೇ ಹೇಳುತ್ತಿದ್ದರು. ನನಗೆ ಮುಜುಗರ ಆಗುತ್ತಿತ್ತು, ನಿಜ. ಆದರೆ ಹೆಂಡತಿ ತಲೆ ಎತ್ತಿ ಓಡಾಡಿದ್ದು ಅವತ್ತಿನಿಂದಲೇ.

ಟೆಸ್ಟೋಸ್ಟೆರಾನ್ ನಿಲ್ಲಿಸಿದೆವು. ಪಿಟ್ಯುಟರಿಯಲ್ಲಿ ಗಡ್ಡೆ ಏನಾದರೂ ಇದೆಯಾ ಅಂತ ಎಂಆರ್‌ಐ ಮಾಡಿಸಿದರು, ಇರಲಿಲ್ಲ. ಪ್ರೊಲ್ಯಾಕ್ಟಿನ್ ಸರಿ ಇತ್ತು. ವಾಸನೆ ಗೊತ್ತಾಗುತ್ತದಾ, ಗಡ್ಡ ಮೀಸೆ ಯಾವಾಗ ಬಂತು ಅಂತಲೂ ಕೇಳಿದರು. ಹುಟ್ಟಿನಿಂದಲೇ ಈ ಹಾರ್ಮೋನ್ ಕೊರತೆ ಇರುವ ಕೆಲವರಿಗೆ ವಾಸನೆ ಗೊತ್ತಾಗುವುದಿಲ್ಲವಂತೆ, ಅದಕ್ಕೆ ಕಾಲ್ಮನ್ ಸಿಂಡ್ರೋಮ್ ಅನ್ನುತ್ತಾರೆ. ನನ್ನದು ಅದಲ್ಲ. ತೂಕ ಜಾಸ್ತಿ ಇದ್ದರೆ ಕೊಬ್ಬಿನಲ್ಲಿ ಟೆಸ್ಟೋಸ್ಟೆರಾನ್ ಈಸ್ಟ್ರೋಜನ್ ಆಗಿ ಬದಲಾಗುತ್ತದೆ, ಅದು ಮಿದುಳಿಗೆ ಹೋಗಿ ಎಲ್‌ಎಚ್ ಇಳಿಸುತ್ತದೆ, ಮೊದಲು ಆಗಿದ್ದು ಬಹುಶಃ ಇದೇ ಇರಬೇಕು ಅಂತ ಅವರ ಅಂದಾಜು.

ನಿಲ್ಲಿಸಿದ ಮೇಲಿನ ವಾರಗಳು ಕಷ್ಟ ಇದ್ದವು. ಹೊರಗಿನದು ಬರುತ್ತಿಲ್ಲ, ಒಳಗಿನದು ಇನ್ನೂ ಶುರುವಾಗಿಲ್ಲ. ಹಳೆಯ ಸುಸ್ತು ಎರಡು ಪಟ್ಟಾಗಿ ಬಂತು. ಯಾವುದಕ್ಕೂ ಕಣ್ಣೀರು ಬರುತ್ತಿತ್ತು, ಅಂಗಡಿಯಲ್ಲಿ ತೂಕದ ಚೀಟಿ ಕೂಡಿಸುವಾಗ ಸಾಲು ತಪ್ಪುತ್ತಿತ್ತು. ಈ ಹಂತದಲ್ಲೇ ಎಷ್ಟೋ ಜನ ತಡೆಯಲಾರದೆ ಮತ್ತೆ ಇಂಜೆಕ್ಷನ್‌ಗೆ ಹೋಗುತ್ತಾರಂತೆ. ಹಾಗಾಗದಿರಲಿ ಅಂತಲೇ ನನಗೆ ಬೇಗ ಎಚ್‌ಸಿಜಿ ಶುರು ಮಾಡಿದರು.

ಎಚ್‌ಸಿಜಿ ಬಸುರಿಯರ ಮೈಯಲ್ಲಿ ಆಗುವ ಹಾರ್ಮೋನ್. ಅವರ ಮೂತ್ರದಿಂದಲೇ ತೆಗೆದು ಔಷಧಿ ಮಾಡುತ್ತಾರೆ. ಮನೆಯಲ್ಲಿ ಗರ್ಭ ನಿಂತಿದೆಯಾ ಅಂತ ನೋಡುವ ಪಟ್ಟಿಯಲ್ಲಿ ಎರಡು ಗೆರೆ ಬರುವುದೂ ಇದಕ್ಕೇ. ಅದರ ಆಕಾರ ಎಲ್‌ಎಚ್‌ಗೆ ಎಷ್ಟು ಹೋಲುತ್ತದೆ ಅಂದರೆ ವೃಷಣ ಅದನ್ನು ಎಲ್‌ಎಚ್ ಅಂತಲೇ ತಿಳಿದು ಕೆಲಸ ಶುರು ಮಾಡುತ್ತದೆ. ವಾರಕ್ಕೆ ಮೂರು ಸಲ 2000 ಯೂನಿಟ್, ಹೊಟ್ಟೆಯ ಚರ್ಮದ ಕೆಳಗೆ.

ಮೊದಲ ಸಲ ನರ್ಸ್ ಕೂರಿಸಿಕೊಂಡು ಕಲಿಸಿದರು. ಸಣ್ಣ ಬಾಟಲಿಯ ತಳದಲ್ಲಿ ಬಿಳಿ ಪುಡಿ ಬಿಲ್ಲೆಯ ಹಾಗೆ ಅಂಟಿಕೊಂಡಿರುತ್ತದೆ. ಗಾಜಿನ ಆಂಪೂಲಿನ ಕುತ್ತಿಗೆಗೆ ಹತ್ತಿ ಸುತ್ತಿ ಹೆಬ್ಬೆರಳಿನಿಂದ ಒತ್ತಿ ಮುರಿಯಬೇಕು. ಅದರ ನೀರನ್ನು ಸಿರಿಂಜಿಗೆ ಎಳೆದು ಬಾಟಲಿಯ ಗೋಡೆಗುಂಟ ನಿಧಾನಕ್ಕೆ ಬಿಡಬೇಕು, ನೇರವಾಗಿ ಪುಡಿ ಮೇಲೆ ಬಿಡಬಾರದು. ಅಲ್ಲಾಡಿಸಬಾರದು, ಎರಡು ಅಂಗೈ ಮಧ್ಯೆ ಹಿಡಿದು ಮೆಲ್ಲಗೆ ಉರುಳಿಸಬೇಕು. ನೊರೆ ಬಂದರೆ ಡೋಸ್ ಸರಿಯಾಗಿ ಎಳೆಯಲು ಆಗುವುದಿಲ್ಲ. ಆಮೇಲೆ ಇನ್ಸುಲಿನ್ ಹಾಕುವಂಥ ಸಣ್ಣ ಸೂಜಿ. ಹೊಕ್ಕುಳಿನಿಂದ ಎರಡು ಬೆರಳು ದೂರ, ಚರ್ಮವನ್ನು ಚಿವುಟಿ ಹಿಡಿದು ಹಾಕುವುದು. ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ. ಕೆಲವು ವಾರಗಳಲ್ಲಿ ಹೆಂಡತಿ ನನಗಿಂತ ಚೆನ್ನಾಗಿ ಹಾಕುವುದನ್ನು ಕಲಿತಳು. ಸೂಜಿ ತೆಗೆದ ಮೇಲೆ ಹತ್ತಿ ಒತ್ತಿ, "ಆಯ್ತು ಬಿಡ್ರಿ" ಅನ್ನುತ್ತಿದ್ದಳು.

ನಾಲ್ಕು ತಿಂಗಳಿಗೆ ರಕ್ತದಲ್ಲಿ ಟೆಸ್ಟೋಸ್ಟೆರಾನ್ 470 ಆಯಿತು. ಅದೂ ನನ್ನದೇ ಮೈಯಲ್ಲಿ ತಯಾರಾದದ್ದು. ಸುಸ್ತು ಹೋಯಿತು, ಮನಸ್ಸು ಸರಿಯಾಯಿತು. ಹೀಗೆ ಎಚ್‌ಸಿಜಿಯಿಂದಲೂ ಟೆಸ್ಟೋಸ್ಟೆರಾನ್ ಏರಿಸಬಹುದು ಅಂತ ಮೊದಲೇ ಗೊತ್ತಿದ್ದರೆ ಆ ಎರಡು ವರ್ಷ ಹೋಗುತ್ತಿರಲಿಲ್ಲ. ಮಧ್ಯದಲ್ಲಿ ಎದೆಯ ತೊಟ್ಟಿನ ಹಿಂದೆ ಗಂಟಿನಂತೆ ಆಗಿ ನೋವು ಬಂತು. ಎಚ್‌ಸಿಜಿಯಿಂದ ಈಸ್ಟ್ರೋಜನ್ನೂ ಏರುವುದರಿಂದ ಹೀಗಾಗುವುದುಂಟು, ಡೋಸ್ ಇಳಿಸಿದ ಮೇಲೆ ಕಡಿಮೆಯಾಯಿತು. ಹಾಗೆ ಆದರೆ ನಾಚಿಕೆ ಪಡದೆ ತಕ್ಷಣ ಡಾಕ್ಟರಿಗೆ ಹೇಳಿ.

ಕೌಂಟ್ ಮಾತ್ರ ಇನ್ನೂ ಸೊನ್ನೆ. ಆಗ ಎಚ್‌ಎಂಜಿ ಸೇರಿಸಿದರು. ಅದರಲ್ಲಿ ಎಫ್‌ಎಸ್‌ಎಚ್ ಇರುತ್ತದೆ, ಮುಟ್ಟು ನಿಂತ ಹೆಂಗಸರ ಮೂತ್ರದಿಂದ ತೆಗೆದದ್ದು. ವಾರಕ್ಕೆ ಮೂರು ಸಲ 75 ಯೂನಿಟ್, ಆಮೇಲೆ 150. ಇದು ದುಬಾರಿ. ಗುಮಾಸ್ತನ ಸಂಬಳದಲ್ಲಿ ತಿಂಗಳಿಗೆ ಅಷ್ಟು ದುಡ್ಡು ಹೊಂದಿಸುವುದು ಸುಲಭ ಇರಲಿಲ್ಲ, ಹೆಂಡತಿ ಚೀಟಿ ಎತ್ತಿದಳು, ಸಾವ್ಕಾರರು ಮುಂಗಡ ಕೊಟ್ಟರು. ಯಾಕೆ ಅಂತ ಕೇಳಲಿಲ್ಲ, ಅವರ ಉಪಕಾರ ಮರೆಯುವುದಿಲ್ಲ. ದಾವಣಗೆರೆ ಬೇಸಿಗೆ ಗೊತ್ತಲ್ಲ, ಏಪ್ರಿಲ್‌ನಲ್ಲಿ ಮನೆಯೊಳಗೇ ಬೇಯುತ್ತದೆ. ಹಾಗಾಗಿ ಇಂಜೆಕ್ಷನ್ ಬಾಕ್ಸ್ ಫ್ರಿಜ್‌ನಲ್ಲೇ ಇಡುತ್ತಿದ್ದೆವು. ಫ್ರೀಜರಿನಲ್ಲಿ ಇಡಬಾರದು, ಕೆಳಗಿನ ಅರೆಯಲ್ಲಿ ಇಡಬೇಕು. ತುಂಬಾ ಹೊತ್ತು ಕರೆಂಟ್ ಹೋದರೆ ಅವ್ವ ಫ್ರಿಜ್ ಬಾಗಿಲು ತೆಗೆಯಲು ಯಾರನ್ನೂ ಬಿಡುತ್ತಿರಲಿಲ್ಲ.

ಈ ಚಿಕಿತ್ಸೆಯಲ್ಲಿ ಅವಸರ ನಡೆಯುವುದಿಲ್ಲ. ಒಂದು ವೀರ್ಯಾಣು ಶುರುವಿನಿಂದ ಪೂರ್ತಿ ತಯಾರಾಗಲು ಸುಮಾರು 74 ದಿನ ಬೇಕು, ಹೊರಗೆ ಬರಲು ಇನ್ನೂ ಸ್ವಲ್ಪ ದಿನ. ಅಂದರೆ ಇವತ್ತು ಹಾಕಿದ ಇಂಜೆಕ್ಷನ್ನಿನ ಫಲ ಮೂರು ತಿಂಗಳ ನಂತರದ ರಿಪೋರ್ಟಿನಲ್ಲಿ ಕಾಣುತ್ತದೆ. ಪ್ರತಿ ವಾರ ಪರೀಕ್ಷೆ ಮಾಡಿಸುವುದು ಸುಮ್ನೆ ದಂಡ. ಮೂರು ತಿಂಗಳಿಗೊಮ್ಮೆ ಸಾಕು. ಕೆಲವರಿಗೆ ಒಂದೂವರೆ ಎರಡು ವರ್ಷವೂ ಹಿಡಿಯುತ್ತದೆ. ನನ್ನ ಜೊತೆ ಹೊರಗಡೆ ಬೆಂಚಿನಲ್ಲಿ ಕೂತಿರುತ್ತಿದ್ದ ಚನ್ನಗಿರಿ ಕಡೆಯ ಒಬ್ಬರು ಎರಡನೇ ಸೊನ್ನೆ ರಿಪೋರ್ಟಿಗೇ ಬಿಟ್ಟುಬಿಟ್ಟರು, ಆಮೇಲೆ ಅವರನ್ನು ನೋಡಲಿಲ್ಲ. ಅವರ ನೆನಪು ಈಗಲೂ ಬರುತ್ತದೆ.

ಎಚ್‌ಎಂಜಿ ಸೇರಿಸಿದ ನಂತರದ ಮೊದಲ ರಿಪೋರ್ಟಿನಲ್ಲಿ ಲ್ಯಾಬಿನವರು ಸೊನ್ನೆ ಬರೆದಿರಲಿಲ್ಲ. ತಳದಲ್ಲಿ ಕೂತದ್ದರಲ್ಲಿ ಅಲ್ಲೊಂದು ಇಲ್ಲೊಂದು ಕಂಡಿದೆ, ಚಲನೆ ಇಲ್ಲ ಅಂತ ಬರೆದಿದ್ದರು. ಬೇರೆಯವರಿಗೆ ಅದು ಕೆಟ್ಟ ರಿಪೋರ್ಟ್. ನಾವಿಬ್ಬರೂ ಆಸ್ಪತ್ರೆಯಿಂದ ನೇರ ಹೋಗಿ ಬೆಣ್ಣೆ ದೋಸೆ ತಿಂದೆವು. ಮುಂದಿನ ಸಲ 9 ಲಕ್ಷ. ಅದರ ಮುಂದಿನ ಸಲ 60 ಲಕ್ಷ, ಮೂರರಲ್ಲಿ ಒಂದು ಭಾಗ ಓಡಾಡುತ್ತಿದ್ದವು. ಮಣಿಸರದಲ್ಲಿ 10 ಇದ್ದದ್ದು 15 ಆಗಿತ್ತು.

1.6 ಕೋಟಿ ಎಲ್ಲಿ, 60 ಲಕ್ಷ ಎಲ್ಲಿ ಅಂತ ನಾನು ಕೇಳಿದೆ. ಈ ಥರ ಚಿಕಿತ್ಸೆ ತಗೊಂಡವರಲ್ಲಿ ಕೌಂಟ್ ಆ ಗಡಿ ಮುಟ್ಟುವ ಮೊದಲೇ ಎಷ್ಟೋ ಸಲ ಗರ್ಭ ನಿಲ್ಲುತ್ತದೆ, ಹೆಂಡತಿ ಕಡೆ ಎಲ್ಲ ಸರಿ ಇದ್ದರೆ ಐವಿಎಫ್‌ಗೆ ಓಡುವ ಮೊದಲು ಸ್ವಲ್ಪ ಕಾಯಿರಿ ಅಂದರು. ಕಾದೆವು. ಮುಂದಿನ ಪರೀಕ್ಷೆಯ ದಿನ ಬರುವ ಮುಂಚೆಯೇ ಹೆಂಡತಿಗೆ ಮುಟ್ಟು ತಪ್ಪಿತು. ನಮ್ಮ ಮಗಳಿಗೆ ಈಗ ನಡೆಯಲು ಬರುತ್ತದೆ.

ಎಲ್ಲರಿಗೂ ಹೀಗೇ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ವೃಷಣವೇ ಕೆಟ್ಟಿದ್ದರೆ, ಅಂದರೆ ಮಂಗನಬಾವು ವೃಷಣಕ್ಕೆ ಇಳಿದು ಹಾಳಾಗಿದ್ದರೆ ಅಥವಾ ಹುಟ್ಟಿನಿಂದ ಒಂದು ಎಕ್ಸ್ ಕ್ರೋಮೋಸೋಮ್ ಜಾಸ್ತಿ ಇರುವ ಕ್ಲೈನ್‌ಫೆಲ್ಟರ್ ಇದ್ದರೆ, ಮಿದುಳು ಆಗಲೇ ಎಲ್‌ಎಚ್, ಎಫ್‌ಎಸ್‌ಎಚ್ ಜಾಸ್ತಿ ಕಳಿಸುತ್ತಿರುತ್ತದೆ. ಅಂಥವರಿಗೆ ಈ ಇಂಜೆಕ್ಷನ್‌ಗಳಿಂದ ದೊಡ್ಡ ಲಾಭ ಇಲ್ಲ. ಅಲ್ಲಿ ವೃಷಣದಿಂದಲೇ ಆಪರೇಷನ್ ಮಾಡಿ ವೀರ್ಯಾಣು ಹುಡುಕುವ ದಾರಿ ಇದೆ. ಅದಕ್ಕೇ ಎಲ್‌ಎಚ್, ಎಫ್‌ಎಸ್‌ಎಚ್ ನೋಡದೆ ಟೆಸ್ಟೋಸ್ಟೆರಾನ್ ಶುರು ಮಾಡಬಾರದು ಅಂತ ನಾನು ಕಂಡವರಿಗೆಲ್ಲ ಹೇಳುವುದು. ಒಂದು ಸಲ ಶುರುವಾದರೆ ಎರಡೂ ಇಳಿದುಬಿಡುತ್ತವೆ, ಮೂಲದಲ್ಲಿ ಏನಿತ್ತು ಅಂತ ಆಮೇಲೆ ಹೇಳುವುದು ಕಷ್ಟ.

ಜಿಮ್‌ಗೆ ಹೋಗುವ ಹುಡುಗರಿಗೂ ಒಂದು ಮಾತು. ನಮ್ಮೂರಲ್ಲಿ ಗರಡಿ ಮನೆಗಳಿಗೆ ಹಳೆಯ ಹೆಸರಿದೆ, ಮೈ ಬೆಳೆಸುವುದು ತಪ್ಪಲ್ಲ. ಆದರೆ ಜಿಮ್‌ನಲ್ಲಿ ಕೈಯಿಂದ ಕೈಗೆ ಸಿಗುವ ಇಂಜೆಕ್ಷನ್‌ಗಳಲ್ಲಿ ಇರುವುದು ಇದೇ ಟೆಸ್ಟೋಸ್ಟೆರಾನ್ ಅಥವಾ ಅದರ ಅಣ್ಣತಮ್ಮಂದಿರು, ಡೋಸ್ ಮಾತ್ರ ನನಗಿಂತ ಎಷ್ಟೋ ಜಾಸ್ತಿ. ಲ್ಯಾಬಿನ ಬೆಂಚಿನಲ್ಲಿ 24, 25 ವಯಸ್ಸಿನ ಗಟ್ಟಿ ಹುಡುಗರು ಮುಖ ಕೆಳಗೆ ಹಾಕಿ ಕೂತಿರುವುದನ್ನು ನೋಡಿದ್ದೇನೆ. ತಗೊಂಡಿದ್ದರೆ ಡಾಕ್ಟರ ಹತ್ತಿರ ಮುಚ್ಚಿಡದೆ ಹೇಳಿ, ಯಾವುದು, ಎಷ್ಟು, ಎಷ್ಟು ದಿನ ಅಂತ. ಅವರು ಬೈಯುವುದಿಲ್ಲ, ಅದು ಗೊತ್ತಾದರೆ ಚಿಕಿತ್ಸೆ ಸುಲಭ.

ಮಗಳು ಹುಟ್ಟಿದ ಮೇಲೆ ಇಂಜೆಕ್ಷನ್ ನಿಲ್ಲಿಸಿ, ಕೆಲವು ತಿಂಗಳು ಬಿಟ್ಟು, ಬೆಳಗ್ಗೆ ಎಂಟಕ್ಕೆ ರಕ್ತ ಕೊಟ್ಟೆ. ತೂಕ ಆಗ 83ಕ್ಕೆ ಇಳಿದಿತ್ತು. ರಾತ್ರಿ ಊಟ ಎಂಟಕ್ಕೆ ಮುಗಿಸಿ ಕುಂದವಾಡ ಕೆರೆ ಏರಿ ಮೇಲೆ ದಿನಾ ನಡೆದದ್ದರ ಫಲ. ಟೆಸ್ಟೋಸ್ಟೆರಾನ್ 265, ಎಲ್‌ಎಚ್ ಕೆಳಗಿನ ಅಂಚಿನಲ್ಲಿ, ಆದರೆ ಇದೆ. ಅಂದರೆ ಪಿಟ್ಯುಟರಿ ನಿಧಾನವಾಗಿಯಾದರೂ ಕೆಲಸ ಮಾಡುತ್ತಿದೆ. ಈಗ ಕ್ಲೋಮಿಫಿನ್ ಅನ್ನುವ ಮಾತ್ರೆ ದಿನ ಬಿಟ್ಟು ದಿನ ತಗೊಳ್ಳುತ್ತೇನೆ. ಹೆಂಗಸರಿಗೆ ಮೊಟ್ಟೆ ಬೆಳೆಯಲು ಕೊಡುವ ಮಾತ್ರೆಯೇ ಅದು. ಗಂಡಸರಲ್ಲಿ ಮಿದುಳಿಗೆ ಈಸ್ಟ್ರೋಜನ್ ಕಾಣದಂತೆ ಮರೆ ಮಾಡಿ ಎಲ್‌ಎಚ್ ಏರಿಸುತ್ತದೆ, ವೀರ್ಯಾಣು ನಿಲ್ಲಿಸುವುದಿಲ್ಲ. ಪಿಟ್ಯುಟರಿ ಪೂರ್ತಿ ಕೆಟ್ಟವರಿಗೆ ಇದು ನಡೆಯುವುದಿಲ್ಲ, ನನಗೆ ನಡೆಯುತ್ತಿದೆ.

ಮುಂದೆ ಎಂದಾದರೂ ಟೆಸ್ಟೋಸ್ಟೆರಾನ್ನೇ ಬೇಕಾಗಬಹುದು ಅಂತ ಡಾಕ್ಟರು ಹೇಳಿದ್ದಾರೆ. ಹಾಗಾದರೆ ಅದಕ್ಕೂ ಮುಂಚೆ ವೀರ್ಯ ಫ್ರೀಜ್ ಮಾಡಿಸಿಡಬೇಕು. ಐವಿಎಫ್‌ನಂಥ ಚಿಕಿತ್ಸೆಗಳಿಗೆ ಸಂಬಂಧಿಸಿದ 2021ರ ಎಆರ್‌ಟಿ ಕಾನೂನು ಬಂದ ಮೇಲೆ ಇಂಥ ಬ್ಯಾಂಕ್‌ಗಳು ನೋಂದಣಿ ಮಾಡಿಸಿರಲೇಬೇಕು, ನೋಂದಣಿ ಪತ್ರ ಕೇಳಿ ನೋಡಿಯೇ ಕೊಡಿ ಅಂದಿದ್ದಾರೆ. ಎರಡನೇ ಮಗು ಬೇಕು ಅಂತ ಇಬ್ಬರಿಗೂ ಆಸೆ ಇದೆ. ಕೌಂಟ್ ಈಗ ಎಷ್ಟಿದೆ ನೋಡಬೇಕು. ಸೀಸನ್ ಮುಗಿದ ಮೇಲೆ ಹೋಗೋಣ ಅಂತ ನಾನಿದ್ದೆ, ಹೆಂಡತಿ ಒಪ್ಪಲಿಲ್ಲ. ಈ ಶನಿವಾರವೇ ಡಬ್ಬಿ ತಗೊಂಡು ಲ್ಯಾಬ್‌ಗೆ ಹೋಗುತ್ತಿದ್ದೇನೆ.